ಭಜಿಯ ಎಣ್ಣೆ ಮತ್ತು ಹನ್ನೊಂದು ಪುಟದ ಫಾರ್ಮ್

ಇಳಕಲ್ಲಿನ ತಮ್ಮ ಮನೆಯ ಬಾಗಿಲಲ್ಲೇ ಹುಸೇನಬಿ ನನ್ನ ಕೈಯಲ್ಲಿದ್ದ ಮಿರ್ಚಿ ಭಜಿಯ ಪೊಟ್ಟಣವನ್ನು ಥಟ್ಟನೆ ಕಸಿದುಕೊಂಡರು. ಭಜಿಗೆ ಕೈ ಚಾಚಿದ್ದ ಜರ್ಮನಿಯ ವಿದ್ಯಾರ್ಥಿನಿ ಲೇನಾ ಕಕ್ಕಾಬಿಕ್ಕಿಯಾದಳು.

"ಮೇಡಂ, ಇದನ್ನ ಯಾವ ಎಣ್ಣಿಯೊಳಗ ಕರದಾರಂತ ಕೇಳೀರೇನ್ರಿ?"

ನಾನು ಕೇಳಿರಲಿಲ್ಲ. ಲೇನಾಗೆ ಶೇಂಗಾ ಅಲರ್ಜಿ. ಚೂರು ತಿಂದರೂ ಗಂಟಲು ಬಾತು ಉಸಿರು ಕಟ್ಟುತ್ತದೆ.

ನಮ್ಮ ಕಾಲೇಜಿಗೆ ಬಂದ ವಿದೇಶಿ ವಿದ್ಯಾರ್ಥಿಗಳ ಬಾದಾಮಿ, ಇಳಕಲ್ ಪ್ರವಾಸದಲ್ಲಿ ಏನೇನು ಅಪಾಯ ಬರಬಹುದೆಂದು ಹನ್ನೊಂದು ಪುಟಗಳ ಫಾರ್ಮ್ ತುಂಬಿದವಳು ನಾನೇ. ಬಿಸಿಲು, ನಾಯಿ, ಮಂಗ, ನೇಕಾರರ ಮನೆಯ ಮಗ್ಗದಡಿಯ ಗುಂಡಿ, ಯಾವುದನ್ನೂ ಬಿಟ್ಟಿರಲಿಲ್ಲ. ಶೇಂಗಾ ವಿಷಯವನ್ನಂತೂ ಕೆಂಪಕ್ಷರದಲ್ಲಿ ಬರೆದು, ಇಳಕಲ್ಲಿನಲ್ಲಿ ನಮಗೆ ಊಟ ಹಾಕಲಿದ್ದ ನೇಕಾರ್ತಿ ಹುಸೇನಬಿಗೆ ಫೋನಿನಲ್ಲಿ ಮೂರು ಸಲ ಹೇಳಿದ್ದೆ. ಆಮೇಲೆ ದಾರಿಯಲ್ಲಿ ಕಮತಗಿ ಬಂತು, ಬಿಸಿ ಭಜಿಯ ವಾಸನೆ ಬಂತು, ಒಂದು ಪೊಟ್ಟಣ ಕಟ್ಟಿಸಿಕೊಂಡೆ. ನಮ್ಮ ಕಡೆ ಶೇಂಗಾ ಎಣ್ಣೆಯಲ್ಲೇ ಭಜಿ ಕರಿಯುತ್ತಾರೆಂಬುದು ನನಗೆ ಹೊಳೆಯಲೇ ಇಲ್ಲ!

ಹುಸೇನಬಿಯಾದರೋ ಹಿಂದಿನ ದಿನವೇ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನೂ ಎಣ್ಣೆಯ ಡಬ್ಬಿಯನ್ನೂ ನೆರೆಮನೆಗೆ ಸಾಗಿಸಿ, ಹೊಸ ಪಾತ್ರೆಯಲ್ಲಿ ಕುಸುಬಿ ಎಣ್ಣೆ ಹಾಕಿ ಪಲ್ಯ ಮಾಡಿದ್ದರು.

"ಹಡದಾಕಿ ದೂರ ಕುಂತಾಳ್ರಿ. ಇಲ್ಲೆ ಆಕಿ ಬದ್ಲಿ ನಾವ ನೋಡಬೇಕಲ್ರಿ" ಎಂದು ಲೇನಾಗೆ ರೊಟ್ಟಿ ಬಡಿಸಿದರು.

ಮರುದಿನ ಫಾರ್ಮಿಗೆ ಹನ್ನೆರಡನೆಯ ಪುಟ ಸೇರಿಸಿದೆ. 'ಅಪಾಯ' ಎಂಬಲ್ಲಿ ನನ್ನ ಹೆಸರು ಬರೆದೆ. 'ಪರಿಹಾರ' ಎಂಬಲ್ಲಿ ಹುಸೇನಬಿಯ ಫೋನ್ ನಂಬರ್.