ಅಕ್ಕನ ಹಾಡು ಇರುವ ಜಾಗ

ಆ್ಯಪ್ ಮುಚ್ಚುತ್ತದೆ ಎಂಬ ಸುದ್ದಿ ಫೋನಿಗೆ ಬಂದಾಗ ನಾನು ಬನಶಂಕರಿ ಬಸ್ ನಿಲ್ದಾಣದಲ್ಲಿ ಉತ್ತರಹಳ್ಳಿಯ ಬಸ್ಸಿಗೆ ಕಾಯುತ್ತಿದ್ದೆ. ಈ ತಿಂಗಳ ಕೊನೆಯವರೆಗೆ ಮಾತ್ರ, ಇಷ್ಟು ದಿನ ಜೊತೆಗಿದ್ದು ಹಾಡು ಕೇಳಿದ್ದಕ್ಕೆ ಧನ್ಯವಾದ ಎಂದಿತ್ತು. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಆ ಆ್ಯಪಿನೊಳಗೆ ಎಲ್ಲೋ ನನ್ನ ಅಕ್ಕನ ದನಿ ಇತ್ತು. ಎಲ್ಲಿ ಎಂಬುದು ನನಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದೆ.

ಬೇರೆ ಆ್ಯಪುಗಳ ಹಾಗೆ ಅದರಲ್ಲೂ ಹಾಡು ಕೇಳಬಹುದಿತ್ತು. ಜೊತೆಗೆ, ನಿಂತ ಜಾಗದಲ್ಲಿ ಒಂದು ಹಾಡನ್ನು ಬಿಟ್ಟುಹೋಗಬಹುದಿತ್ತು. ಹಾಡಿಗೆ ಮೊದಲು ನಮ್ಮದೇ ದನಿಯಲ್ಲಿ ಒಂದೆರಡು ಮಾತು ಸೇರಿಸಬಹುದಿತ್ತು. ಆಮೇಲೆ ಯಾರಾದರೂ ಅದೇ ಜಾಗಕ್ಕೆ ಬಂದರೆ, ಕೂಗಿದರೆ ಕೇಳಿಸುವಷ್ಟು ದೂರದೊಳಗೆ ನಿಂತರೆ, ಅವರಿಗೆ ಅದು ಸಿಗುತ್ತಿತ್ತು. ಮನೆಯಲ್ಲಿ ಕೂತು ಹುಡುಕುವ ಹಾಗಿರಲಿಲ್ಲ. ಯಾರು ಎಲ್ಲೆಲ್ಲಿ ಏನು ಬಿಟ್ಟಿದ್ದಾರೆ ಎಂದು ಆ್ಯಪ್ ಹೇಳುತ್ತಿರಲಿಲ್ಲ. ಕಾಲ ಕೆಳಗೆ ಇದ್ದದ್ದನ್ನು ಮಾತ್ರ ಕೊಡುತ್ತಿತ್ತು.

ಅಕ್ಕನಿಗೆ ಇದು ಬಹಳ ಹಿಡಿಸಿತ್ತು. "ಮದುವೆ ಮನೇಲಿ ತಾಂಬೂಲ ಕೊಟ್ಟಂಗೆ ಕಣೋ. ಬಂದೋರಿಗೆಲ್ಲ ಒಂದೊಂದು" ಅನ್ನುತ್ತಿದ್ದಳು.

"ನೀನು ಎಲ್ಲೆಲ್ಲಿ ಓಡಾಡ್ತೀಯ ಅಂತ ಕಂಪೆನಿಯೋರು ಬರ್ಕೋತಿದಾರೆ, ಅಷ್ಟೆ" ಎಂದಿದ್ದೆ.

"ಬರ್ಕೊಳ್ಲಿ ಬಿಡು. ನಿಮ್ಮ ಭಾವ ಅಂತೂ ಕೇಳಲ್ಲ."

ಅವಳಿಗೆ ಜಯನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಕುಮಾರಸ್ವಾಮಿ ಲೇಔಟಿನಲ್ಲಿ ಮನೆ. ಎರಡು ವರ್ಷದ ಹಿಂದೆ ಜ್ವರ ಎಂದು ಆಸ್ಪತ್ರೆ ಸೇರಿದವಳು ಮತ್ತೆ ಮನೆಗೆ ಬರಲಿಲ್ಲ.

ಅವಳು ಹೋದ ಮೇಲೆ ನಮಗೆ ಗೊತ್ತಾಯಿತು, ಅವಳ ದನಿ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲವೆಂದು. ಅವಳ ಫೋನಿನ ಲಾಕು ಯಾರಿಗೂ ಗೊತ್ತಿರಲಿಲ್ಲ. ಮೊಬೈಲ್ ಅಂಗಡಿಯವರು ಲಾಕು ತೆಗೆದುಕೊಟ್ಟರು, ಒಳಗಿದ್ದುದೆಲ್ಲ ಅದರ ಜೊತೆಗೇ ಹೋಯಿತು. ಅವಳು ಮೆಸೇಜು ಟೈಪು ಮಾಡುತ್ತಿದ್ದಳೇ ಹೊರತು ಮಾತಾಡಿ ಕಳಿಸುತ್ತಿರಲಿಲ್ಲ. ಮದುವೆಯ ವಿಡಿಯೋ ಇದೆ, ಆದರೆ ವಿಡಿಯೋದವನು ಛತ್ರದ ಸದ್ದನ್ನೆಲ್ಲ ತೆಗೆದು ಉದ್ದಕ್ಕೂ ಸಿನಿಮಾ ಹಾಡು ಹಾಕಿದ್ದಾನೆ. ಧಾರೆಯ ಹೊತ್ತಿನಲ್ಲಿ ಅಕ್ಕ ಕತ್ತು ತಿರುಗಿಸಿ ಅಮ್ಮನಿಗೆ ಏನೋ ಹೇಳುತ್ತಾಳೆ. ಅವಳ ತುಟಿ ಅಲ್ಲಾಡುತ್ತದೆ, ಹಿನ್ನೆಲೆಯಲ್ಲಿ ಯಾರೋ ಗಂಡಸು ಪ್ರೇಮಗೀತೆ ಹಾಡುತ್ತಾನೆ. ಅಮ್ಮ ಅಲ್ಲೇ ವಿಡಿಯೋ ನಿಲ್ಲಿಸಿ, ಹಿಂದಕ್ಕೆ ತಳ್ಳಿ, ಮತ್ತೆ ನೋಡುತ್ತಾಳೆ. "ಏನಂದ್ಲೋ ಅವಾಗ? ನಂಗೆ ನೆನಪೇ ಬರ್ತಿಲ್ಲ."

ಆ್ಯಪಿನ ವಿಷಯ ನಾನು ಅಮ್ಮನಿಗೆ ಹೇಳಿರಲಿಲ್ಲ. ಯಾವತ್ತಾದರೂ ಹೋದರಾಯಿತು, ಅದೆಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಹೋಗುವ ಧೈರ್ಯವಿರಲಿಲ್ಲ ಎನ್ನುವುದೂ ನಿಜ. ಆ ದಿನ ಬಸ್ ನಿಲ್ದಾಣದಿಂದಲೇ ಫೋನು ಮಾಡಿ ಹೇಳಿದೆ. "ಹಂಗಿದ್ರೆ ಬೇಗ ಹೋಗಿ ತಗೊಂಡ್ಬಾ" ಎಂದಳು ಅಮ್ಮ, ಅಂಗಡಿಯಿಂದ ಏನೋ ತರಲು ಹೇಳುವ ಹಾಗೆ.

ನನ್ನ ನೆನಪು ಇದು. ಪುಟ್ಟೇನಹಳ್ಳಿ ಕೆರೆಯ ದಂಡೆ, ಸಂಜೆ. ಕಲ್ಲುಬೆಂಚಿನ ಮೇಲೆ ನಾನು, ಅಕ್ಕ. ಅವಳು ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳುತ್ತಾಳೆ: "ನನ್ನ ತಮ್ಮ ಇಲ್ಲೇ ಕೂತಿದಾನೆ. ಏನನ್ನೂ ನಂಬಲ್ಲ. ನೀವಾದ್ರೂ ನಂಬಿ, ಈ ಹಾಡು ಚೆನ್ನಾಗಿದೆ."

ನಾನು ವಿಶ್ವವಿದ್ಯಾಲಯದಲ್ಲಿ ಓದಿದ್ದು ಮನಃಶಾಸ್ತ್ರ. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ವಸ್ತುವಲ್ಲ, ನೆನೆದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ಅಲ್ಲಿ ಕಲಿತೆ. ಕಲಿತದ್ದು ಬೇರೆಯವರ ನೆನಪುಗಳ ಮೇಲೆ ಚೆನ್ನಾಗಿ ಪ್ರಯೋಗವಾಗುತ್ತಿತ್ತು. ಮನೆಯಲ್ಲಿ ಯಾರಾದರೂ ಹಳೆಯದನ್ನು ಹೇಳಲು ಹೊರಟರೆ ನಡುವೆ ಬಾಯಿ ಹಾಕುತ್ತಿದ್ದೆ. ಈಗ ನನ್ನದೇ ಸರದಿ. ಆ ಮಾತಿನಲ್ಲಿ ನಾನೇ ಕಥಾನಾಯಕ, ಅದು ಬಹಳ ಅಚ್ಚುಕಟ್ಟಾಗಿಯೂ ಇದೆ. ಅಚ್ಚುಕಟ್ಟಾದ ನೆನಪನ್ನು ನಾನು ನಂಬುವುದಿಲ್ಲ.

ಮರುದಿನವೇ ಕೆರೆಗೆ ಹೋದೆ. ಇಯರ್‌ಫೋನು ಸಿಕ್ಕಿಸಿಕೊಂಡು ಫೋನನ್ನು ಮುಂದೆ ಹಿಡಿದು ದಂಡೆಯ ಉದ್ದಕ್ಕೂ ನಡೆದೆ. ಗೊತ್ತಿಲ್ಲದವರ ದನಿಗಳು ಒಂದೊಂದಾಗಿ ಬಂದವು. "ಹ್ಯಾಪಿ ಬರ್ತ್‌ಡೇ ಮಗಾ, ಟ್ರೀಟ್ ಕೊಡ್ಸೋ." "ಗುರು, ಇದನ್ನ ಕಣ್ಮುಚ್ಕೊಂಡು ಕೇಳು, ಸಖತ್ತಾಗಿದೆ." ಒಬ್ಬ ಹುಡುಗಿ ಏನೂ ಹೇಳದೆ ಬರೀ ಉಸಿರಾಡಿ ಹಾಡು ಹಾಕಿದ್ದಳು. ಇವರಲ್ಲಿ ಎಷ್ಟು ಜನಕ್ಕೆ ತಾವು ಇಲ್ಲಿ ಮಾತಾಡಿದ್ದು ನೆನಪಿದೆಯೋ ಗೊತ್ತಿಲ್ಲ. ನನಗೆ ಬೇಕಾದ ದನಿ ಮಾತ್ರ ಇರಲಿಲ್ಲ.

ಒಂದೇ ಬೆಂಚಿನ ಸುತ್ತ ನಾನು ತಿರುಗುವುದನ್ನು ನೋಡಿ, ವಾಕಿಂಗಿಗೆ ಬಂದಿದ್ದ ಹೆಂಗಸೊಬ್ಬರು ನಿಂತರು.

"ನೆಟ್‌ವರ್ಕ್ ಸಿಗ್ತಿಲ್ವಾ? ಗೇಟ್ ಹತ್ರ ಹೋಗಿ, ಅಲ್ಲಿ ಸಿಗತ್ತೆ."

"ನೆಟ್‌ವರ್ಕ್ ಇದೆ ಆಂಟಿ. ಒಂದು ಹಾಡು ಹುಡುಕ್ತಿದೀನಿ."

"ಅದಕ್ಕೆ ಕೆರೆಗ್ಯಾಕಪ್ಪಾ ಬಂದ್ರಿ?" ಎಂದು ನನ್ನನ್ನು ಒಂದು ಕ್ಷಣ ನೋಡಿ, ಬೇರೇನೂ ಕೇಳದೆ ನಡೆದುಬಿಟ್ಟರು.

ಕೆರೆಯಲ್ಲವಾದರೆ ಇನ್ನೆಲ್ಲಿ? ಜೆ.ಪಿ. ನಗರದ ಪಾರ್ಕುಗಳಲ್ಲಿ ಸುತ್ತಿದೆ. ಜಯನಗರದಲ್ಲಿ ಅವಳು ಚೌಚೌಬಾತ್ ತಿನ್ನಿಸುತ್ತಿದ್ದ ಹೋಟೆಲಿನ ಮುಂದೆ, ಅವಳು ಬಳೆ ಕೊಳ್ಳುತ್ತಿದ್ದ ಫುಟ್‌ಪಾತಿನಲ್ಲಿ ನಿಂತೆ. ಬಿ.ಟಿ.ಎಂ. ಲೇಔಟಿನಲ್ಲಿ ಅವಳ ಗೆಳತಿಯ ಹಳೇ ಬಾಡಿಗೆಮನೆಯ ಬೀದಿಗೂ ಹೋದೆ. ಪ್ರತಿ ಜಾಗಕ್ಕೂ ಹೋಗುವ ಮೊದಲು, ಅವಳು ಅಲ್ಲೇ ಕೂತು ಫೋನಿಗೆ ಮಾತಾಡಿದ್ದು ನನಗೆ ಸ್ಪಷ್ಟವಾಗಿ ನೆನಪಾಗುತ್ತಿತ್ತು. ಅಲ್ಲಿ ಏನೂ ಸಿಗದೆ ತಿರುಗಿದ ಕೂಡಲೇ ಆ ನೆನಪು ಅಳಿಸಿಹೋಗುತ್ತಿತ್ತು. ಕೆರೆ, ಬೆಂಚು, ಸಂಜೆ ಎಲ್ಲವನ್ನೂ ನಾನೇ ಹೊಂದಿಸಿದ್ದಿರಬೇಕು ಅನ್ನಿಸತೊಡಗಿತು. ನಾನು ಹೊರಗಿರುವಾಗ ದಿನಕ್ಕೊಮ್ಮೆ ಅಮ್ಮ ಫೋನು ಮಾಡಿ "ಸಿಕ್ತಾ?" ಎನ್ನುತ್ತಿದ್ದಳು. ಅವಳಿಗೆ ಆಸೆ ಹುಟ್ಟಿಸಿದ್ದೇ ತಪ್ಪಾಯಿತು.

ಲ್ಯಾಬಿನ ಗೇಟಿನ ಹತ್ತಿರ ಮಾತ್ರ ಅವಳದೇ ಎನ್ನುವಂಥದ್ದು ಸಿಕ್ಕಿತು. ಆ್ಯಪಿನಲ್ಲಿ ಅವಳು ರಾಗಿಮುದ್ದೆ ಎಂದು ಹೆಸರಿಟ್ಟುಕೊಂಡಿದ್ದಳು. ಆ ಹೆಸರಿನಲ್ಲಿ ಬೆಳಗಿನ ಹೊತ್ತು ಬಿಟ್ಟ ಕೆಲವು ಹಾಡುಗಳಿದ್ದವು. ದನಿ ಇರಲಿಲ್ಲ.

ಅದನ್ನು ಹೇಳಲು ಭಾವನ ಮನೆಗೆ ಹೋದೆ. ಭಾನುವಾರ, ಅವರು ಮಹಡಿಯಿಂದ ಒಣಗಿದ ಬಟ್ಟೆ ತಂದು ಮಡಚುತ್ತಿದ್ದರು. ಕೇಳಿಸಿಕೊಳ್ಳುತ್ತಲೇ ಒಂದು ಷರ್ಟನ್ನು ಎರಡು ಸಲ ಬಿಚ್ಚಿ ಮಡಚಿದರು.

"ಲ್ಯಾಬ್ ಗೇಟಲ್ಲಿ ಸಿಗದೇ ಇನ್ನೆಲ್ಲಿ ಸಿಗತ್ತೆ? ಅಲ್ಲಿ ವೈಫೈ ಇತ್ತು."

"ಅಂದ್ರೆ?"

"ಅವಳು ಡೇಟಾ ಆನ್ ಇಟ್ಕೋತಿದ್ಳಾ ಯಾವತ್ತಾದ್ರೂ? ನಿಮ್ಮನೆಯೋರೆಲ್ಲ ಅಷ್ಟೇ ಅಲ್ವಾ. ಮೋಟರ್ ಆಫ್ ಮಾಡಿದ್ಯಾ, ಡೇಟಾ ಆಫ್ ಮಾಡಿದ್ಯಾ."

ನಿಜ. ಉತ್ತರಹಳ್ಳಿಯ ನಮ್ಮ ಹೊಲದಲ್ಲಿ ಈಗ ಬಾಡಿಗೆಮನೆಗಳಿವೆ. ಆದರೆ ಪಂಪ್‌ಸೆಟ್ ಇದ್ದ ಕಾಲದ ಭಯ ಅಮ್ಮನನ್ನು ಬಿಟ್ಟಿಲ್ಲ. ಕೆಲಸವಿಲ್ಲದೆ ಓಡುವ ಮೋಟರು ಸುಟ್ಟುಹೋಗುತ್ತದೆ. ಸಂಪಿನ ಮೋಟರಿಗೂ ಅದೇ ನಿಯಮ, ಗೀಜರಿಗೂ ಅದೇ. ಮೊಬೈಲು ಬಂದ ಮೇಲೆ ಡೇಟಾಕ್ಕೂ ಅದೇ ಆಯಿತು. ನಮ್ಮ ಮನೆಯಲ್ಲಿ ಬೆಳೆದವರಿಗೆ ಕೆಲಸ ಮುಗಿದೊಡನೆ ಬೆರಳು ತಾನಾಗಿ ಡೇಟಾ ಆರಿಸುತ್ತದೆ. ಅಕ್ಕ ಲ್ಯಾಬಿನ ವೈಫೈಯಲ್ಲಿ ಹಾಡುಗಳನ್ನು ಇಳಿಸಿಕೊಂಡು, ದಾರಿಯಲ್ಲಿ ಡೇಟಾ ಇಲ್ಲದೆಯೇ ಕೇಳುತ್ತಿದ್ದಳು.

"ಹಂಗಾದ್ರೆ ಕೆರೆ ಹತ್ರ ಅವಳು ಹೇಳಿದ್ದು ನೆಟ್ ಇಲ್ದೆ ಫೋನಲ್ಲೇ ಉಳ್ಕೊಂಡಿರತ್ತೆ" ಎಂದೆ. "ಡೇಟಾ ಆನ್ ಮಾಡಿದಾಗ ಎಲ್ಲಿರ್ತಾಳೋ ಆ ಜಾಗಕ್ಕೆ ಹೋಗಿ ಕೂರತ್ತೆ. ಸಾಯಂಕಾಲ ಎಲ್ಲಿ ಆನ್ ಮಾಡ್ತಿದ್ಳು ಭಾವ?"

ಅವರು ಮಡಚುವುದನ್ನು ನಿಲ್ಲಿಸಿದರು. "ಬಸ್ ಇಳಿದ ಮೇಲೆ. ಬಂದೆ, ಅನ್ನಕ್ಕಿಡಿ ಅಂತ ಮೆಸೇಜ್ ಹಾಕೋಳು. ಇಲ್ಲೇ, ಬೇಕರಿ ಎದುರು ಸ್ಟಾಪಲ್ಲಿ."

ಅವರು ದಿನಾ ಅದೇ ಸ್ಟಾಪಿನಲ್ಲಿ ಬಸ್ಸು ಹತ್ತುತ್ತಿದ್ದರು, ಇಳಿಯುತ್ತಿದ್ದರು.

ನಾನು ಆಗಲೇ ಹೋಗಬಹುದಿತ್ತು. ಭಾವ ತಡೆದರು. "ಅತ್ತೆ ಬರ್ಲಿ. ಮೊದಲು ಅವರು ಕೇಳ್ಲಿ." ಅಮ್ಮ ಆಟೋದಲ್ಲಿ ಬಂದಳು, ಹಬ್ಬಕ್ಕೆ ಉಡುವ ಸೀರೆ ಉಟ್ಟುಕೊಂಡು. ನಾವು ಮೂವರೂ ಸ್ಟಾಪಿನಲ್ಲಿ ನಿಂತೆವು. ನಾನು ಆ್ಯಪ್ ತೆರೆದೆ. ರಾಗಿಮುದ್ದೆ, ರಾಗಿಮುದ್ದೆ, ರಾಗಿಮುದ್ದೆ ಎಂದು ಪರದೆಯ ತುಂಬ ಬಂತು. ಅವಳು ಊರಿನ ಎಲ್ಲೆಲ್ಲೋ ಬಿಟ್ಟುಬಂದೆ ಎಂದುಕೊಂಡ ಹಾಡುಗಳೆಲ್ಲ ಮನೆಯ ತಿರುವಿನಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಮಾತಿದ್ದದ್ದು ಒಂದರಲ್ಲಿ ಮಾತ್ರ.

ಎಲ್ಲರಿಗೂ ಕೇಳಲೆಂದು ಇಯರ್‌ಫೋನು ತೆಗೆದು ಸ್ಪೀಕರಿನಲ್ಲಿ ಹಾಕಿದೆ. ಮೊದಲು ಹಕ್ಕಿಗಳ ಸದ್ದು. ನೀರುಹಕ್ಕಿಗಳು. ಕೆರೆ ನಿಜವಾಗಿತ್ತು. ಆಮೇಲೆ ಹೆಣ್ಣುದನಿ: "ನಮಸ್ಕಾರ. ನನ್ನ ತಮ್ಮನಿಗೆ ಈ ಹಾಡು ಇಷ್ಟ ಆಗ್ಲಿಲ್ಲ. ನಿಮಗಾದ್ರೂ ಇಷ್ಟ ಆಗ್ಲಿ." ಅದರ ಬೆನ್ನಿಗೇ ಒಂದು ಗಂಡುದನಿ: "ಸಾಕು ಬಾ ಅಕ್ಕ, ಸೊಳ್ಳೆ ಕಚ್ತಿದೆ." ಹಾಡು ಶುರುವಾಯಿತು.

ಅಮ್ಮ ಥಟ್ಟನೆ ನನ್ನ ತೋಳು ಹಿಡಿದಳು. "ಇದು ನೀನು."

"ಹೂಂ."

"ಅವಳೆಲ್ಲಿ?"

"ಮೊದಲು ಮಾತಾಡಿದ್ದು ಅವಳೇ ಅಮ್ಮ."

"ಅಲ್ಲ" ಎಂದಳು. "ಅವಳದು ಇಷ್ಟು ಸಣ್ಣ ದನಿ ಅಲ್ಲ. ಇದ್ಯಾರೋ ಬೇರೆ."

ಸಾಕ್ಷಿಗಳೆಲ್ಲ ಇದ್ದವು. ಅವಳ ಖಾತೆ, ಕೆರೆಯ ಹಕ್ಕಿಗಳು, ಅವಳನ್ನು ಅಕ್ಕ ಎಂದು ಕರೆಯುವ ನಾನು. ಅವಳಲ್ಲದೆ ಬೇರೆ ಯಾರೂ ಆಗಿರಲು ಸಾಧ್ಯವಿರಲಿಲ್ಲ. ಆದರೆ ನನ್ನ ಕಿವಿಯೂ ಒಪ್ಪಿರಲಿಲ್ಲ. ಆ ದನಿ ಕೇಳಿದಾಗ ನನ್ನೊಳಗೆ ಏನೂ ಆಗಲಿಲ್ಲ. ಲ್ಯಾಬಿನಲ್ಲಿ ಫೋನೆತ್ತುವ ಯಾರದೋ ದನಿಯ ಹಾಗಿತ್ತು. ಹಾಗಾದರೆ ಎರಡು ವರ್ಷದಿಂದ ನನ್ನ ತಲೆಯಲ್ಲಿ ಮಾತಾಡುತ್ತಿದ್ದವಳು ಯಾರು? ಭಾವನ ಮುಖ ನೋಡಿದೆ. ಅವರು ಬೇಕರಿಯ ಕಡೆ ತಿರುಗಿ ನಿಂತಿದ್ದರು. ಅವರಿಗೆ ಗುರುತು ಸಿಕ್ಕಿತೋ ಇಲ್ಲವೋ ಕೇಳಲು ಆಗಲಿಲ್ಲ.

"ಇನ್ನೊಂದ್ ಸಲ ಹಾಕು" ಎಂದಳು ಅಮ್ಮ.

ಹಾಕಿದೆ. ಬಸ್ಸು ಬಂತು, ಜನ ಇಳಿದರು, ಕಂಡಕ್ಟರ್ ನಮ್ಮನ್ನು ನೋಡಿ ಸೀಟಿ ಊದಿದ. ಮತ್ತೆ ಹಾಕಿದೆ. ಅಮ್ಮ ಸ್ಟಾಪಿನ ಕಟ್ಟೆಯ ಮೇಲೆ ಕೂತು ಫೋನನ್ನು ಕಿವಿಗೆ ಒತ್ತಿಕೊಂಡಳು. ಪಾಠ ಬಾಯಿಗೆ ಬರುವವರೆಗೆ ಒಪ್ಪಿಸುವವರ ಹಾಗೆ ಅವಳ ತುಟಿಯೂ ಅಲ್ಲಾಡತೊಡಗಿತು. ನಮಸ್ಕಾರ. ನನ್ನ ತಮ್ಮನಿಗೆ. ನಿಮಗಾದ್ರೂ. ಬೇಕರಿಯವರು ದೀಪ ಹಾಕುವ ಹೊತ್ತಿಗೆ ಅವಳು ಫೋನು ಕೆಳಗಿಳಿಸಿ, "ಹೂಂ. ಅವಳೇ" ಎಂದಳು.

ಭಾವ ತಮ್ಮ ಫೋನನ್ನು ಹತ್ತಿರ ಹಿಡಿದು ಅದನ್ನು ರೆಕಾರ್ಡ್ ಮಾಡಿಕೊಂಡು ಅಮ್ಮನ ಫೋನಿಗೂ ಕಳಿಸಿದರು. ನಡುವೆ ಒಂದು ಸ್ಕೂಟರಿನ ಹಾರ್ನ್ ಸೇರಿಕೊಂಡಿದೆ. ತಿಂಗಳು ಮುಗಿದಾಗ ಆ್ಯಪ್ ಮುಚ್ಚಿತು.

ಈಗ ಅಮ್ಮ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಅದನ್ನು ಕೇಳುತ್ತಾಳೆ. ಪಕ್ಕದ ಕೋಣೆಯಲ್ಲಿ ನನಗೂ ಕೇಳಿಸುತ್ತದೆ. ಚಿಕ್ಕಂದಿನಲ್ಲಿ ಅಕ್ಕ ಗೇಟಿನಿಂದ ನನ್ನನ್ನು ಊಟಕ್ಕೆ ಕೂಗುತ್ತಿದ್ದುದನ್ನು ನೆನೆಯಲು ನೋಡುತ್ತೇನೆ. ಆ ಸಣ್ಣ ದನಿಯೇ ಕೂಗುತ್ತದೆ. ಜಗಳದಲ್ಲಿ ಅವಳು ಬೈದದ್ದನ್ನು ನೆನೆಯುತ್ತೇನೆ, ಬೈಗುಳವೂ ಅದೇ ದನಿಯಲ್ಲಿ. ಏನನ್ನೂ ನಂಬಲ್ಲ ಎಂದು ಅವಳು ಹೇಳಿದ್ದೂ ಅದೇ ದನಿಯಲ್ಲಿ ಬರುತ್ತದೆ, ಅದನ್ನು ಅವಳು ಹೇಳಿಯೇ ಇರಲಿಲ್ಲ. ಮೊದಲಿನ ದನಿ ದಪ್ಪವಿತ್ತೋ, ಒಡಕಿತ್ತೋ, ಈಗ ಹೇಳಲಾರೆ. ಅದು ಇದಲ್ಲ ಅನ್ನಿಸಿದ್ದಷ್ಟೇ ಉಳಿದಿದೆ.

ಮೊನ್ನೆ ಕಾಫಿ ಕುಡಿಯುವಾಗ ಅಮ್ಮನನ್ನು ಕೇಳಿಯೇಬಿಟ್ಟೆ.

"ಅವತ್ತು ಸ್ಟಾಪಲ್ಲಿ ಮೊದಲು ಅವಳಲ್ಲ ಅಂದ್ಯಲ್ಲಮ್ಮ. ಅವಳ ದನಿ ಹೆಂಗಿತ್ತು ಅಂತ ಆವಾಗ ನಿಂಗೆ ಗೊತ್ತಿತ್ತಲ್ವಾ? ಹೇಳು, ಹೆಂಗಿತ್ತು?"

ಅಮ್ಮ ಲೋಟ ಕೆಳಗಿಟ್ಟಳು. "ನಾನ್ಯಾವಾಗ ಹಂಗಂದೆ?"

"ಇದ್ಯಾರೋ ಬೇರೆ ಅಂದೆ."

"ನನ್ ಮಗಳ ದನಿ ನಂಗ್ ಗೊತ್ತಾಗಲ್ವೇನೋ? ಕೇಳಿದ್ ತಕ್ಷಣ ಗೊತ್ತಾಯ್ತು. ನಿನ್ ತೋಳು ಹಿಡ್ಕೊಳ್ಲಿಲ್ವಾ ನಾನು?"

ತೋಳು ಹಿಡಿದದ್ದು ನಿಜ. ಒಳಗೆ ಹೋಗಿ ಭಾವನಿಗೆ ಫೋನು ಮಾಡಿದೆ, ಅಮ್ಮ ಅವತ್ತು ಮೊದಲು ಏನಂದಳು ಎಂದು ಕೇಳಿದೆ. ಆ ಕಡೆ ಬಸ್ಸಿನ ಸದ್ದು, ಟಿಕೆಟ್ ಟಿಕೆಟ್ ಎನ್ನುವ ಕೂಗು.

"ನಂಗೆ ಸರಿಯಾಗಿ ನೆನಪಿಲ್ಲಪ್ಪ" ಎಂದರು ಭಾವ. "ಅವಳದೇ ಅಂದ್ರು ಅನ್ಸತ್ತೆ."