ಹಗ್ಗದಕ್ಕನ ಸವತಿ

ಮುಳುಗುಗಾರರ ಅಂಗಡಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವಳು ಹಗ್ಗದಕ್ಕ. ಮುಳುಗಿದ ಹಡಗಿನೊಳಗೆ ಹೋಗುವವರು ಬಾಗಿಲಲ್ಲಿ ಹಗ್ಗ ಕಟ್ಟಿ, ಅದನ್ನು ಬಿಚ್ಚುತ್ತಾ ಒಳಹೋಗಿ, ಅದನ್ನೇ ಹಿಡಿದು ಹೊರಬರಬೇಕು ಎಂಬುದು ಅವಳ ಕಟ್ಟಪ್ಪಣೆ. "ನಂಗೆ ದಾರಿ ಗೊತ್ತು" ಎಂದವರಿಗೆ ಜಪ್ಪಯ್ಯ ಅಂದರೂ ಉಸಿರಾಡುವ ಗಾಳಿಯ ಸಿಲಿಂಡರ್ ಕೊಡುವುದಿಲ್ಲ.

ಆ ಹಡಗು ಅವಳ ಸವತಿ. ಹಾಗೆಂದು ಅವಳೇ ಹೇಳಿ ನಗುತ್ತಾಳೆ. ಅವಳ ಗಂಡ ಅದರಲ್ಲಿ ಅಡುಗೆಯವನಾಗಿದ್ದ. ಮನೆಗೆ ಬಂದರೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಹಡಗಿಗೆ ವಯಸ್ಸಾದಾಗ ಬಂದರಿನವರು ಅದನ್ನು ಮೀನುಗಳ ಮನೆ ಮಾಡಲು ಮುಳುಗಿಸುವುದೆಂದು ನಿಶ್ಚಯಿಸಿದರು. ಎಣ್ಣೆಯ ಪಸೆ ಉಳಿಯದಂತೆ ಉಜ್ಜಿಸಿ, ಬಾಗಿಲುಗಳನ್ನು ಕಳಚಿಸಿ, ಎಲ್ಲೆಲ್ಲಿ ಗೋಡೆ ಕೊರೆದರೆ ಮುಳುಗುಗಾರರು ಸಿಕ್ಕಿಬೀಳುವುದಿಲ್ಲವೆಂದು ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿದವಳು ಊರವರಿಗೆ ಮುಳುಗು ಕಲಿಸುವ ಹಗ್ಗದಕ್ಕನೇ. ಸವತಿಯ ಬಾಗಿಲು ಕೀಳಿಸುವಾಗ ಅವಳಿಗಾದ ಖುಷಿ ಅಷ್ಟಿಷ್ಟಲ್ಲ.

ನಿವೃತ್ತನಾದ ಗಂಡ ಮನೆಯಲ್ಲಿ ಕೂತು ಒಂದೇ ರಾಗ ಹಿಡಿದ. "ಒಂದು ಸಲ ನನ್ನ ಅಡುಗೆಮನೆ ನೋಡ್ಬೇಕು ಕಣೇ. ಒಂದೇ ಸಲ."

ತಮಾಷೆಯೆಂದರೆ, ಅಷ್ಟು ಕಾಲ ಕಡಲ ಮೇಲಿದ್ದವನಿಗೆ ಈಜೇ ಬರುತ್ತಿರಲಿಲ್ಲ. ಅವಳೇ ಕಲಿಸಿದಳು. ಕೊಳದಲ್ಲಿ ಮುಳುಗಿಸಿದಳು, ಬೈದಳು, ಮತ್ತೆ ಮುಳುಗಿಸಿದಳು. ಹಡಗಿನ ಹೊರಮೈ ಸುತ್ತ ಹಲವು ಸಲ ಓಡಾಡಿಸಿದ ಮೇಲೆಯೇ ಒಳಗೆ ಕರೆದೊಯ್ಯಲು ಒಪ್ಪಿದಳು.

ಅಂದು ನೀರು ತಿಳಿಯಾಗಿತ್ತು. ಕೊರೆದ ಬಾಯಿಯಲ್ಲಿ ಹಗ್ಗ ಕಟ್ಟಿ ಅವಳು ಮುಂದೆ ಹೋದಳು, ಅವನು ಹಗ್ಗ ಹಿಡಿದು ಹಿಂದೆ ಬಂದ. ಓಣಿ ದಾಟಿದ ಮೇಲೆ ಅಡುಗೆಮನೆ. ಅವನ ಪಾತ್ರೆಗಳ ಗೂಡಿನಲ್ಲಿ ಒಂದು ದಪ್ಪ ಮೀನು ಯಜಮಾನನ ಹಾಗೆ ಕೂತಿತ್ತು. ಅದನ್ನು ಕಂಡು ಅವನು ಹಿಗ್ಗಿ ಹೀರೇಕಾಯಿಯಾದ. ಕಾಲಿಗೆ ತೊಟ್ಟ ರಬ್ಬರಿನ ರೆಕ್ಕೆ ಬಡಿದ. ಅಷ್ಟೇ ಸಾಕಾಯಿತು, ತಳದ ಹೂಳೆಲ್ಲ ಎದ್ದು ಟಾರ್ಚಿನ ಬೆಳಕೂ ಕಾಣದಂತಾಯಿತು. ಅವಳು ತಿರುಗಿ ಹಗ್ಗದುದ್ದಕ್ಕೂ ಕೈಯಾಡಿಸಿದಳು. ಗಂಡ ಇರಲಿಲ್ಲ.

ಹಗ್ಗದಕ್ಕನಿಗೆ ಹೆದರಿಕೆಯೂ ಆಯಿತು, ಸಿಟ್ಟೂ ಬಂತು. ಹಗ್ಗ ತಪ್ಪಿದರೆ ಇದ್ದಲ್ಲೇ ಇರು ಎಂದು ಬಡಕೊಂಡಿದ್ದಳು. ಅವನ ಸಿಲಿಂಡರಿನಲ್ಲಿ ಗಾಳಿ ಮುಗಿಯುವುದರೊಳಗೆ ಹುಡುಕಬೇಕು. ಕಣ್ಣಿಗೆ ಏನೂ ಕಾಣದಿದ್ದಾಗ ಈ ಮನುಷ್ಯ ಏನು ಮಾಡುತ್ತಾನೆ? ಕರೆಂಟು ಹೋದಾಗ ಮನೆಯಲ್ಲಿ ಮಾಡುವುದನ್ನೇ: ಬಲಗೈಯನ್ನು ಗೋಡೆಗೊತ್ತಿ ನಡೆಯುತ್ತಾನೆ. ಹಡಗಿನಲ್ಲಿ ಹೊಗೆ ತುಂಬಿದರೆ ಹಾಗೆ ಮಾಡಬೇಕೆಂದು ಅಲ್ಲಿನ ಕೆಲಸಗಾರರಿಗೆಲ್ಲ ಕಲಿಸಿದ್ದರು. ಅಡುಗೆಮನೆಯಿಂದ ಬಲಗೋಡೆ ಹಿಡಿದರೆ ಮೆಟ್ಟಿಲು ಸಿಗುತ್ತಿತ್ತು. ಆದರೆ ಈಗ ಹಡಗು ಎಡಮಗ್ಗುಲಾಗಿ ಮಲಗಿದೆ. ಅಂದಿನ ಬಲಗೋಡೆ ಇಂದು ತಲೆಯ ಮೇಲಿದೆ. ಬಲಗೈಗೆ ಸಿಗುವುದು ಅಂದಿನ ನೆಲ. ಅದನ್ನು ಸವರಿಕೊಂಡು ಹೋದವನು ನೇರ ಮೀನು-ಮಾಂಸ ಇಡುತ್ತಿದ್ದ ತಂಪುಕೋಣೆಗೆ ಹೋಗುತ್ತಾನೆ. ಗೋಡೆ ತೀರಾ ದಪ್ಪವೆಂದು ಕೊರೆಯದೆ ಬಿಟ್ಟ ಕೋಣೆ ಅದೊಂದೇ; ಅಲ್ಲಿಂದ ಹೊರಗೆ ದಾರಿಯಿಲ್ಲ.

ಅವಳು ಹಗ್ಗ ಬಿಚ್ಚುತ್ತಾ ಅತ್ತ ಹೊರಟಳು. ಅವಸರ ಮಾಡಲಿಲ್ಲ; ಹೂಳನ್ನು ಇನ್ನಷ್ಟು ಎಬ್ಬಿಸಿ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು. ತಂಪುಕೋಣೆಯ ಮೂಲೆಯಲ್ಲಿ ಮೊದಲು ಕಾಲಿನ ರೆಕ್ಕೆ ಸಿಕ್ಕಿತು, ಆಮೇಲೆ ಮೊಣಕಾಲು, ಆಮೇಲೆ ಇಡೀ ಗಂಡ. ಅವನ ಎಡಗೈಗೆ ಹಗ್ಗ ಕೊಟ್ಟು ಎಳೆದಳು. ಅವನು ಬರಲಿಲ್ಲ. ಬಲಗೈ ಇನ್ನೂ ಗೋಡೆಗೇ ಅಂಟಿಕೊಂಡಿತ್ತು. ಅವಳು ಆ ಬೆರಳುಗಳನ್ನು ಮೆಲ್ಲಗೆ ಒಂದೊಂದಾಗಿ ಬಿಡಿಸಿ, ತನ್ನ ಭುಜದ ಮೇಲೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಆ ಕೈ ಭುಜವನ್ನು ಬಿಗಿಯಾಗಿ ಹಿಡಿಯಿತು.

ಮೇಲೆ ಬಂದಾಗ ದೋಣಿಯವನು ಹಲ್ಲು ಬಿಟ್ಟ. "ಏನಣ್ಣ, ಅಡುಗೆ ಆಯ್ತಾ?"

ಗಂಡ ಟವೆಲ್ ಹೊದ್ದುಕೊಂಡು ಹೆಂಡತಿಯ ಕಡೆ ತಿರುಗಿದ.

"ಆ ಕತ್ತಲೆಯಲ್ಲಿ ನೀನು ಬರ್ತೀಯೋ ಇಲ್ವೋ ಅಂತ ಕಾಯ್ತಿದ್ದೆ ಕಣೇ. ಅಷ್ಟಕ್ಕೇ ಜೀವ ಬಾಯಿಗೆ ಬಂತು. ಅಷ್ಟು ವರ್ಷ ನೀನು ನನಗಾಗಿ ಹೇಗೆ ಕಾದೆ?"

ಹಗ್ಗದಕ್ಕ ಒದ್ದೆ ಹಗ್ಗವನ್ನು ಸುತ್ತುತ್ತಿದ್ದಳು. ಕೈ ನಿಲ್ಲಲಿಲ್ಲ.

"ನಾನೆಲ್ಲಿ ಕಾದೆ ರೀ?" ಎಂದಳು. "ಈಜು ಕಲಿತೆ."