ತೊಟ್ಲು ಬೀರಪ್ಪನ ಲಗ್ನ

ಸಖರಾಯಪಟ್ಟಣದ ಶಶಿಧರನ ಮನೆತನವನ್ನು ಊರವರು ‘ತೊಟ್ಲು ಮನೆ’ ಅಂತಲೇ ಕರೆಯುತ್ತಿದ್ದರು. ಯಾಕೆಂದು ಶಶಿಧರನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಅವನ ಜಾಯಮಾನವೂ ಅಲ್ಲ. ಹಾಗಾಗಿ ತಾತ ದೊಡ್ಡಬೀರಪ್ಪ ದೇವಿಗೆ ಬೆಳ್ಳಿ ತೊಟ್ಟಿಲು ಕೊಟ್ಟಿದ್ದರೆಂದು ಕೇಳಿದವರಿಗೆಲ್ಲ ಹೇಳುತ್ತಾ ಬಂದ. ಹೇಳೀ ಹೇಳೀ ಅವನಿಗೇ ನಂಬಿಕೆ ಬಂದುಬಿಟ್ಟಿತ್ತು.

ಹೊಸ ಮನೆ ಕಟ್ಟಿಸಿ, ಬಾಗಿಲ ಪಕ್ಕ ‘ಬೆಳ್ಳಿ ತೊಟ್ಟಿಲ ದಾನಿ’ ಎಂದು ತಾತನ ಹೆಸರಿನ ಕಲ್ಲು ಹಾಕಿಸಲು ಹೊರಟಾಗ ಮಗಳು ಅನುಷಾ ತಡೆದಳು.

“ಕಲ್ಲಲ್ಲಿ ಕೆತ್ತಿದ್ಮೇಲೆ ಅಳ್ಸಕ್ಕಾಗಲ್ಲ ಅಪ್ಪಾ. ಒಂದ್ಸಲ ಕಾಂತಜ್ಜೀನ ಕೇಳ್ಬಿಡು.”

ಕಾಂತಮ್ಮ ದೊಡ್ಡಬೀರಪ್ಪನ ಕೊನೆಯ ಮಗಳು, ಶಶಿಧರನ ಸೋದರತ್ತೆ. ಅಪ್ಪ ಮಗಳು ಅಜ್ಜಂಪುರಕ್ಕೆ ಹೋದಾಗ ಆಕೆ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

“ಬೆಳ್ಳಿ ತೊಟ್ಲಾ?” ಎಂದು ಮೊರ ಕೆಳಗಿಟ್ಟಳು. “ನಮ್ಮಪ್ಪನ ಉಡಿದಾರವೇ ನೂಲಿಂದು ಕಣೋ. ದೇವ್ರಿಗೆ ಎಲ್ಲಿಂದ ಬೆಳ್ಳಿ ತರ್ತಾನೆ?”

ಅವ್ವನ ಬಾಯಲ್ಲಿ ಕೇಳಿದ್ದನ್ನೆಲ್ಲ ಆಮೇಲೆ ಹೇಳಿದಳು.

ದೊಡ್ಡಬೀರಪ್ಪ ಪ್ರಾಯದಲ್ಲಿ ಕೆಮ್ಮಣ್ಣುಗುಂಡಿಯಲ್ಲಿ ಅದಿರು ಅಗೆಯುತ್ತಿದ್ದ. ಅಗೆದ ಅದಿರು ಉಕ್ಕಿನ ಹಗ್ಗಕ್ಕೆ ತೂಗುಬಿದ್ದ ತೊಟ್ಟಿಗಳಲ್ಲಿ ಬೆಟ್ಟ ಇಳಿಯುತ್ತಿತ್ತು. ಬೆಟ್ಟದ ಬುಡದ ಊರಿನ ಹೊನ್ನಮ್ಮನ ಜೊತೆ ಅವನ ಮದುವೆ ಗೊತ್ತಾಗಿತ್ತು. ಮದುವೆಯ ದಿನವೇ ಪುಣ್ಯಾತ್ಮನಿಗೆ ನಿದ್ದೆ ಹೆಚ್ಚಾಯಿತು. ನಡೆದು ಹೋದರೆ ಮುಹೂರ್ತ ತಪ್ಪುತ್ತದೆಂದು, ಮೇಸ್ತ್ರಿ ಅತ್ತ ತಿರುಗಿದ್ದೇ ತಡ, ಒಂದು ತೊಟ್ಟಿ ಹತ್ತಿ ಅದಿರಿನ ಮೇಲೆ ಕುಳಿತ. ಹೆಣ್ಣಿನ ಊರು ಕಣ್ಣಿಗೆ ಬೀಳುವ ಹೊತ್ತಿಗೆ ಯಂತ್ರ ನಿಂತುಹೋಯಿತು. ತೊಟ್ಟಿ ಹೊಲಗಳ ಮೇಲೆ, ತೆಂಗಿನ ಮರಕ್ಕಿಂತ ಎತ್ತರದಲ್ಲಿ ತೂಗಾಡತೊಡಗಿತು.

ಸುದ್ದಿ ಮುಟ್ಟಿ ಮದುವೆ ಮನೆಯೇ ವಾಲಗದ ಸಮೇತ ಹೊಲಕ್ಕೆ ಬಂತು.

“ಇಳಿಯೋ ಕೆಳಕ್ಕೆ!” ಎಂದು ಮಾವ ಕೂಗಿದ.

“ಎಲ್ಲಿಗ್ ಇಳೀಲಿ ಮಾವಾ? ನೀವೇ ಹತ್ತಿ ಬನ್ನಿ!”

“ಇಂಥಾ ಮಂಗನಿಗೆ ಮಗಳ್ನ ಕೊಡಲ್ಲ, ಹೋಗೋ!”

ಹೋಗೋಣವೆಂದರೂ ದಾರಿಯಿರಲಿಲ್ಲ. ಮುಹೂರ್ತ ದಾಟಿತು. ಮಾವ ಸಿಟ್ಟಿಗೆದ್ದು ಗುಂಪಿನಲ್ಲಿದ್ದ ಇನ್ನೊಬ್ಬ ಹುಡುಗನ ಕೈ ಹಿಡಿದೆಳೆದ. ಹೊನ್ನಮ್ಮ ಬಾಸಿಂಗ ಕಟ್ಟಿಕೊಂಡೇ ಬದುವಿನ ಮೇಲೆ ಕುಳಿತುಬಿಟ್ಟಳು.

“ಅಪ್ಪಯ್ಯ, ನಂಗೆ ಅವ್ನೇ ಆಗ್ಬೇಕು. ಬ್ಯಾರೆಯವ್ನು ಓಡ್ಹೋದ್ರೆ ಏನ್ ಮಾಡ್ತೀಯ? ಇವ್ನು ಅಲ್ಲಿಂದ ಎಲ್ಲಿಗ್ ಓಡ್ತಾನೆ?”

ಮಾವ ಹಿಡಿದೆಳೆದಿದ್ದ ಹುಡುಗನ ಕೈ ಬಿಟ್ಟ.

ಸಂಜೆ ಯಂತ್ರ ಹೊರಟಿತು. ಕೆಳಗಿಳಿದ ಮದುಮಗ ನೆತ್ತಿಯಿಂದ ಹಿಮ್ಮಡಿವರೆಗೆ ಕೆಂಪು ಕೆಂಪು. ಹಚ್ಚಿದ ಅರಿಶಿನ ಎಲ್ಲಿ ಹೋಯಿತೋ ತಿಳಿಯಲಿಲ್ಲ. “ಗೋಧೂಳಿ ಲಗ್ನ ಅಂದ್ಕೊಳ್ಳಿ. ಧೂಳನ್ನಂತೂ ಗಂಡೇ ತಂದವ್ನೆ” ಎಂದು ಪುರೋಹಿತರು ತಾಳಿ ಕಟ್ಟಿಸಿದರು.

ತೊಟ್ಟಿಯಲ್ಲಿ ತೂಗಾಡಿದವನು ಜನರ ಬಾಯಲ್ಲಿ ‘ತೊಟ್ಲು ಬೀರಪ್ಪ’ನಾದ. ನಾಚಿಕೆಗೆ ಬೆಟ್ಟ ಬಿಟ್ಟು ಸಖರಾಯಪಟ್ಟಣಕ್ಕೆ ಬಂದರೆ, ಕತೆ ಬೆಟ್ಟದಲ್ಲೇ ಉಳಿದರೂ ಹೆಸರು ಬೆನ್ನು ಹತ್ತಿ ಬಂತು. ಅಲ್ಲಿ ತೆಂಗಿನ ತೋಟ ಮಾಡಿದ, ಮರ ಮಾತ್ರ ಹತ್ತಲಿಲ್ಲ. “ಕಾಯಿ ಬಲಿತ್ರೆ ತಾನೇ ಬೀಳ್ತದೆ” ಅನ್ನುತ್ತಿದ್ದ. ಮನೆಯ ಅಟ್ಟಕ್ಕೂ ಹೊನ್ನಮ್ಮನೇ ಹತ್ತಬೇಕಾಗಿತ್ತು.

ಅನುಷಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಶಶಿಧರನ ಮುಖ ಚಿಕ್ಕದಾಗಿತ್ತು.

“ಇದನ್ನ ಕಲ್ಲಲ್ಲಿ ಹೆಂಗ್ ಕೆತ್ಸೋದು ಅತ್ತೆ?”

“ಹೆಸ್ರು ಮಾತ್ರ ಕೆತ್ಸು. ಉಳಿದಿದ್ದು ಬಾಯಲ್ ಹೇಳು. ಅಷ್ಟ್ ಚೆನ್ನಾಗಿ ಸುಳ್ಳು ಹೇಳೋ ಬಾಯಿಗೆ ನಿಜ ಹೇಳಕ್ ಬರಲ್ವಾ?”

ಗೃಹಪ್ರವೇಶದ ದಿನ ಬೀಗರು ಮನೆತನದ ಹೆಸರಿನ ಬಗ್ಗೆ ಕೇಳಿದರು. ಶಶಿಧರ ಒಮ್ಮೆ ಮಗಳ ಮುಖ ನೋಡಿ, ಗಂಟಲು ಸರಿಮಾಡಿಕೊಂಡು ನಿಜವನ್ನೇ ಶುರುಮಾಡಿದ. ಜನ ನಗತೊಡಗಿದಂತೆ ಅವನಿಗೂ ಹುರುಪು ಬಂತು. ಕುರ್ಚಿಯ ಮೇಲೆ ಹತ್ತಿ ನಿಂತು, ಕೆಳಗಿದ್ದ ಬೀಗರನ್ನೇ ಮಾವನನ್ನಾಗಿ ಮಾಡಿಕೊಂಡು ಕೂಗಾಡಿದ. ಎಲೆ ಹಾಕಿ ಕಾಯುತ್ತಿದ್ದ ಅಡುಗೆಯವನು ಒಳಗಿನಿಂದ ಬಂದು, “ಅಣ್ಣಾ, ಸಾರು ಆರ್ತಾ ಐತೆ, ಊಟಕ್ ಏಳ್ಸಿ” ಎಂದ.

“ಸ್ವಲ್ಪ ತಡಿಯಪ್ಪಾ,” ಎಂದ ಶಶಿಧರ ಕುರ್ಚಿಯ ಮೇಲಿನಿಂದಲೇ. “ತಾತ ಇನ್ನೂ ಇಳ್ದಿಲ್ಲ.”